ಓದುಗರು ಎಲ್ಲಿ ಹೋದರು?

‘ಓದುಗರು ಎಲ್ಲಿ ಹೋದರು?’ ಎಂಬ ವಿಚಾರ ಸಂಕಿರಣ ಮಧ್ಯಾಹ್ನದಿಂದ ನಡೆದು, ಓದುಗರು ಎಲ್ಲೂ ಇಲ್ಲವೆಂಬುದು ಬಹುತೇಕ ಖಚಿತವಾಗುವ ಹೊತ್ತಿಗೆ, ಮುಂದಿನ ಸಾಲಿನಲ್ಲಿದ್ದ ತಕ್ ಜೊಂಗ್‌ಗಿಲ್ ಎದ್ದು ನಿಂತು, “ಕ್ಷಮಿಸಿ, ನಾನಿದ್ದೀನಿ” ಎಂದ.

ಕೊರಿಯಾದ ಸೋಲ್ ನಗರದ ನಾಟಕಮಂದಿರಗಳ ಬೀದಿಯಲ್ಲಿ, ನೂಡಲ್ಸ್ ಅಂಗಡಿಯ ಮಹಡಿಯ ಮೇಲಿದ್ದ ಆ ಪುಟ್ಟ ಸಭಾಂಗಣ ತುಂಬಿತ್ತು. ಬಂದವರೆಲ್ಲ ಕವಿಗಳು, ಕಥೆಗಾರರು, ವಿಮರ್ಶಕರು. ‘ಏಳನೆಯ ಗಾಳಿ’ ತ್ರೈಮಾಸಿಕದ ಸಂಪಾದಕ ಮಾ ಇನ್‌ಹೋ ವೇದಿಕೆಯಿಂದಲೇ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ತಾವು ಕವಿಗಳಾ?”

“ಅಲ್ಲ ಗುರುಗಳೇ.”

“ವಿಮರ್ಶಕರು ಹಾಗಾದ್ರೆ. ಯಾವ ಪತ್ರಿಕೆಯಿಂದ ಬೆಳಕಿಗೆ ಬಂದ್ರಿ?”

“ಬಂದಿಲ್ಲ. ನಾನು ಬರಿಯೋದೇ ಇಲ್ಲ. ಓದ್ತೀನಿ, ಅಷ್ಟೆ.”

“ಡ್ರಾಯರಿನಲ್ಲಿ ಒಂದೆರಡು ಪದ್ಯನಾದ್ರೂ ಬರೆದಿಟ್ಟಿರ್ತೀರಲ್ಲ?”

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮ್ಯೊಂಗ್‌ಸುಕ್ ತಲೆ ಎತ್ತಿದಳು. “ಡ್ರಾಯರಿನಲ್ಲೂ ನಿಮ್ಮ ಪತ್ರಿಕೆನೇ ಇರೋದು. ನನ್ನ ಕಾಲುಚೀಲ ಇಡೋಕೆ ಜಾಗ ಇಲ್ಲ.”

ಅದು ನಿಜ. ಜೊಂಗ್‌ಗಿಲ್ ವಿಮಾ ಕಂಪನಿಯಲ್ಲಿ ವಾಹನ ಅಪಘಾತಗಳ ವಿಭಾಗದವನು. ನಗರದ ಸಾಹಿತ್ಯ ಪತ್ರಿಕೆಗಳೆಲ್ಲ ಅವನ ಮನೆಗೆ ಬರುತ್ತಿದ್ದವು. ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ಕೆಳಗಿನ ಖಾನೆಯಲ್ಲೂ ಹಳೆಯ ಸಂಚಿಕೆಗಳೇ. ಶನಿವಾರ ಬಂತೆಂದರೆ ಕವಿಗೋಷ್ಠಿಯಿಂದ ಪುಸ್ತಕ ಬಿಡುಗಡೆಗೆ, ಅಲ್ಲಿಂದ ಚಿತ್ರಪ್ರದರ್ಶನಕ್ಕೆ ಓಡುತ್ತಿದ್ದ. ಎಲ್ಲೇ ಆದರೂ ಚಪ್ಪಾಳೆ ಶುರುವಾಗುತ್ತಿದ್ದದ್ದು ಅವನಿಂದ. ಇಷ್ಟು ವರ್ಷಗಳಲ್ಲಿ ಅವನ ಹೆಸರೇನೆಂದು ಯಾರೂ ಕೇಳಿರಲಿಲ್ಲ. ಇವತ್ತು ಸಭೆ ಮುಗಿದ ಮೇಲೆ ಅಕ್ಕಿ ಹೆಂಡ, ಬಿಸಿ ಹೆಸರುಬೇಳೆ ದೋಸೆ ಇರುತ್ತದೆಂದು ಪುಸಲಾಯಿಸಿ ಹೆಂಡತಿಯನ್ನೂ ಕರೆತಂದಿದ್ದ.

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ವೇದಿಕೆಯ ಮೇಲೆ ಇನ್ನೊಂದು ಕುರ್ಚಿ ಹಾಕಿದರು. ಜೊಂಗ್‌ಗಿಲ್‌ನನ್ನು ಅದರಲ್ಲಿ ಕೂರಿಸಿ ಫೋಟೊ ತೆಗೆದರು. ಕಾದಂಬರಿಕಾರ್ತಿಯೊಬ್ಬಳು ಹತ್ತಿರ ಬಂದು ಅವನ ಮೊಣಕೈ ಮುಟ್ಟಿ ನೋಡಿ, “ಬೆಚ್ಚಗಿದಾರೆ” ಎಂದು ಗೆಳತಿಗೆ ಹೇಳಿದಳು. ಅವನ ಕಿವಿ ಕೆಂಪಾಯಿತು. ಇಂಥ ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಹಾಗೆಂದು ಮ್ಯೊಂಗ್‌ಸುಕ್ ಆಮೇಲೆ ಎಷ್ಟೋ ದಿನ ಹಂಗಿಸಿದಳು.

ಹಿರಿಯ ಕವಿ ಯೊಮ್ ಊರುಗೋಲು ಊರಿಕೊಂಡು ಎದ್ದರು.

“ವಸಂತದ ಸಂಚಿಕೇಲಿ ನನ್ನದೊಂದು ನೀಳ್ಗವನ ಬಂದಿತ್ತು. ಓದಿದೀಯೇನಯ್ಯಾ?”

“ಓದಿದೀನಿ ಗುರುಗಳೇ. ಎರಡು ಸಲ.”

“ಅಳು ಬಂತಾ?”

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಯಾರ ಗಾಡಿ ಯಾರ ಗಾಡಿಗೆ ಗುದ್ದಿತೆಂಬುದರ ಬಗ್ಗೆ ದಿನವಿಡೀ ಸುಳ್ಳು ಕೇಳಿ ಕೇಳಿ ರೋಸಿಹೋಗಿದ್ದ ಜೊಂಗ್‌ಗಿಲ್‌ಗೆ, ಕವಿಯ ಮುಂದೆ ತಾನೂ ಒಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇಲ್ಲ ಗುರುಗಳೇ. ನಿದ್ದೆ ಬಂತು.”

“ಎರಡನೇ ಸಲ?”

“ಇನ್ನೂ ಬೇಗ ಬಂತು.”

“ಗೊರಕೆನೂ ಹೊಡೆದ್ರು,” ಎಂದಳು ಮ್ಯೊಂಗ್‌ಸುಕ್ ಕೆಳಗಿನಿಂದ. ಮುದಿ ಕವಿಯ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. “ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ. ತುಂಬಾ ಒಳ್ಳೇ ನಿದ್ದೆ. ಅವತ್ತು ಮಾತ್ರೆನೂ ಬೇಕಾಗ್ಲಿಲ್ಲ.”

ಸಭಾಂಗಣ ಸಿಡಿಯಿತು. ಇವನು ಓದುಗನೇ ಅಲ್ಲ ಎಂದರು ಕೆಲವರು. ಬೇರೆ ಪತ್ರಿಕೆಯವರು ಕಳಿಸಿದ ಆಸಾಮಿ ಎಂದರು ಇನ್ನು ಕೆಲವರು. ಜೊಂಗ್‌ಗಿಲ್ ಮೈಕು ಹಿಡಿದು, “ಪೂರ್ತಿ ಕೇಳಿ... ಕೊನೇಲಿ ಬಾಗಿಲ ಹತ್ರ ಒಂದು ಒದ್ದೆ ಛತ್ರಿ ಒಂಟಿಯಾಗಿ ನಿಂತಿರತ್ತಲ್ಲ, ಅದು ಮಾರನೇ ದಿನ ಸಿಗ್ನಲ್ಲಿನಲ್ಲಿ ನೆನಪಾಯ್ತು ಗುರುಗಳೇ. ಹಸಿರು ದೀಪ ಬಂದ್ರೂ ನಾನು ಗಾಡಿ ತೆಗೀಲಿಲ್ಲ. ಹಿಂದಿನವರೆಲ್ಲ ಬಾಯಿಗೆ ಬಂದ ಹಾಗೆ ಬೈದ್ರು...” ಎನ್ನುತ್ತಿದ್ದ. ಮೈಕು ಯಾವಾಗಲೋ ಆಫ್ ಆಗಿತ್ತು. ಕವಿ ಯೊಮ್ ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಟ್ಟಿದ್ದರು.

ಮಾ ಇನ್‌ಹೋ ಎರಡೂ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದರು. “ನೋಡಿ, ಜಗಳ ಬೇಡ. ಇವರು ಅಪವಾದ. ಅಪವಾದ ಇದೆ ಅಂದ್ರೆ ನಿಯಮ ಇದೆ ಅಂತ್ಲೇ ಅರ್ಥ.” ವಿಮರ್ಶಕರಿಗೆ ಸಮಾಧಾನವಾಯಿತು. “ಈ ನಗರದಲ್ಲಿ ಓದುಗರಿಲ್ಲ ಅಂತ ನಾವು ಒಂದು ಠರಾವು ಮಾಡೋಣ. ಸರ್ವಾನುಮತದಿಂದ ಆಗ್ಬೇಕು. ಒಪ್ಪೋರು ಕೈ ಎತ್ತಿ.”

ಸಾಲುಸಾಲಾಗಿ ಕೈಗಳು ಎದ್ದವು. ಕವಿ ಯೊಮ್ ಊರುಗೋಲನ್ನೇ ಎತ್ತಿದರು. ವೇದಿಕೆಯ ಕುರ್ಚಿಯಲ್ಲಿ ಇನ್ನೂ ಕುಳಿತೇ ಇದ್ದ ಜೊಂಗ್‌ಗಿಲ್ ಆ ಕೈಗಳನ್ನು ನೋಡಿದ. ಪತ್ರಿಕೆಯ ಫೋಟೊಗಳಲ್ಲಿ ಗಲ್ಲಕ್ಕೆ ಆನಿಸಿದ್ದನ್ನು ಅವನು ಎಷ್ಟೋ ಸಲ ಕಂಡಿದ್ದ ಕೈಗಳು ಅವು. ಮಾ ಇನ್‌ಹೋ ಬೆರಳು ತೋರಿಸುತ್ತ ಹಿಂದಿನ ಸಾಲಿನಿಂದ ಮುಂದಕ್ಕೆ ಬರುತ್ತಿದ್ದರು. ಜೊಂಗ್‌ಗಿಲ್ ಮೆಲ್ಲನೆ ತನ್ನ ಬಲಗೈ ಎತ್ತಿದ.

ಮ್ಯೊಂಗ್‌ಸುಕ್ ಗಾಬರಿಯಿಂದ ವೇದಿಕೆಯ ಅಂಚಿಗೆ ಬಂದು ಅವನ ಪ್ಯಾಂಟು ಜಗ್ಗಿದಳು. “ರೀ, ತಲೆ ಕೆಟ್ಟಿದ್ಯಾ? ನೀವೇ ಇಲ್ಲ ಅಂತ ನೀವೇ ಕೈ ಎತ್ತೋದಾ? ಇಳಿಸ್ರಿ!”

ಅವನು ಕೈಯನ್ನು ಇನ್ನಷ್ಟು ಎತ್ತರಕ್ಕೆ ಚಾಚಿದ.

“ಸುಮ್ನಿರೇ,” ಎಂದ ಪಿಸುಗುಟ್ಟುತ್ತಾ. “ಎಣಿಸ್ತಿದಾರೆ.”