ಪಿಂಕಿಯ ಮೊಗ್ಗಿನ ಜಡೆ

ಮದುವೆಮನೆಯಲ್ಲಿ ಎಲ್ಲರೂ ತಿಂಡಿಗೆ ಕೂತಿದ್ದರೂ ಪದ್ಮಾಕ್ಷಿ ಮಾತ್ರ ಕೋಣೆಯಲ್ಲಿ ನಾಯಿಯ ಸಿಕ್ಕು ಬಿಡಿಸುತ್ತಿದ್ದಳು. ಮನುಷ್ಯರ ತಲೆಯಲ್ಲಿ ಕೂದಲು ಹುಟ್ಟುವುದು ಅವಳ ಅಜ್ಜಿಯ ಕಾಲಕ್ಕೇ ನಿಂತಿತ್ತು. ಅಂದಿನಿಂದ ಮದುಮಗಳ ಮೊಗ್ಗಿನ ಜಡೆ ಹಾಕುವುದು ಮನೆಯ ಉದ್ದಗೂದಲ ಪುಟ್ಟ ನಾಯಿಗೆ. ಅದನ್ನು ಮಡಿಲಲ್ಲಿ ಕೂರಿಸಿಕೊಂಡೇ ಹುಡುಗಿ ಹಸೆಮಣೆಯಲ್ಲಿ ಕೂರಬೇಕು. ಜಡೆ ಹಾಕುವುದು ಸೋದರತ್ತೆಯ ಪಾಲಿನ ಕೆಲಸ.

"ಅಲ್ಲಾಡ್ಬೇಡ ಪಿಂಕಿ, ನನ್ನ ಸೊಂಟ ಬಿದ್ದುಹೋಯ್ತು" ಎಂದು ಗೊಣಗುತ್ತಾ ಕಿವಿಯ ಹಿಂದಿನ ಗಂಟಿಗೆ ಎಣ್ಣೆ ಸವರಿ ಬಾಚಣಿಗೆ ಎಳೆದಳು. ಗಂಟಿನ ಜೊತೆ ಒಂದು ಹಿಡಿ ಕೂದಲೇ ಕಿತ್ತು ಬಂತು. ನಾಯಿ ಕುಂಯ್ ಎನ್ನಲಿಲ್ಲ. ಕೆಳಗಿನ ಚರ್ಮ ಪದ್ಮಾಕ್ಷಿಯ ನೆತ್ತಿಯಷ್ಟೇ ನುಣ್ಣಗಿತ್ತು. ಮೆಲ್ಲಗೆ ಮತ್ತೊಮ್ಮೆ ಬಾಚಿದಳು. ಮತ್ತೊಂದು ಹಿಡಿ ಬಂತು.

ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಕೂದಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬೋಳಾದ ಜಾಗ ಕಾಣದಂತೆ ಮಲ್ಲಿಗೆ ಮೊಗ್ಗನ್ನು ಒತ್ತೊತ್ತಾಗಿ ಹೆಣೆದಳು.

ಮದುಮಗಳು ಮೇದಿನಿ ಬೈತಲೆಯಿಲ್ಲದ ತಲೆಗೆ ಬೈತಲೆಬೊಟ್ಟು ಅಂಟಿಸಿಕೊಳ್ಳುತ್ತಾ ಇಣುಕಿದಳು. "ಆಯ್ತಾ ಅತ್ತೆ? ಎಷ್ಟು ಚೆನ್ನಾಗಿದೆ! ನಾಳೆ ನನ್ನ ಮಗಳ ಮದುವೇಲೂ ನೀವೇ ಹಾಕ್ಬೇಕು ನೋಡಿ."

"ಆಗ್ಲಿ ಕಣೇ" ಎಂದಳು ಪದ್ಮಾಕ್ಷಿ. "ಈಗ ಇದನ್ನ ಎತ್ಕೊಂಡು ಹೋಗಿ ಮೊದ್ಲು ಒಂದು ಫೋಟೋ ತೆಗೆಸ್ಕೋ. ಮೆತ್ತಗೆ ಹಿಡ್ಕೋ."