ಆರು ಗಂಟೆಯ ಸೂಜಿ

ಬಾಗಿಲು ತೆರೆದ ಶಶಿಪ್ರಭಾ ಅವರ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ದಿನವೂ ಆರು ಗಂಟೆಗೆ ಇವರಿಂದ ಸೂಜಿ ಹಾಕಿಸಿಕೊಳ್ಳುವ ಜಸ್ನಾ ಹೊಸ್ತಿಲಲ್ಲೇ ನಿಂತಳು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ. ನಿವೃತ್ತ ನರ್ಸ್ ಶಶಿಪ್ರಭಾ ಅಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಎಡಗೈಯಲ್ಲಿ ಸೂಜಿ ಹಿಡಿದು ಅಭ್ಯಾಸವಿಲ್ಲ, ಕಲ್ಲಡ್ಕದ ಕ್ಲಿನಿಕ್ಕಿಗೆ ಇವತ್ತು ಭಾನುವಾರದ ರಜೆ, ಆಟೋ ಹಿಡಿದು ಬಿ.ಸಿ. ರೋಡಿನ ಆಸ್ಪತ್ರೆಗೇ ಹೋಗಬೇಕಷ್ಟೆ ಎಂದರು.

ಜಸ್ನಾಳ ಮುಷ್ಟಿಯೊಳಗೆ ಪುಟ್ಟ ಗಾಜಿನ ಸೀಸೆಯಲ್ಲಿ ಆ ದಿನದ ಔಷಧಿಯಿತ್ತು. ಎಣ್ಣೆಯ ಹಾಗೆ ಮಂದವಾದದ್ದು. ದಾರಿಯುದ್ದಕ್ಕೂ ಅಂಗೈಯಲ್ಲೇ ಬೆಚ್ಚಗೆ ಮಾಡಿಕೊಂಡು ಬರುತ್ತಿದ್ದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಆರು ದಿನದ ಹಿಂದೆ ಅವಳ ಗರ್ಭದೊಳಗೆ ಭ್ರೂಣವನ್ನಿಟ್ಟಿದ್ದರು. ಅದು ನೆಲೆ ನಿಲ್ಲಲು ಬೇಕಾದ ಹಾರ್ಮೋನು ಈ ಸಲ ಮೈಯಲ್ಲಿ ತಾನಾಗಿ ಹುಟ್ಟುವುದಿಲ್ಲ, ದಿನವೂ ಸೂಜಿಯಲ್ಲೇ ಕೊಡಬೇಕು, ಒಂದು ದಿನವೂ ತಪ್ಪಬಾರದು, ಹೊತ್ತು ಮೀರಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿ, ಭ್ರೂಣವಿಡುವ ಐದು ದಿನ ಮೊದಲೇ ಸೂಜಿ ಶುರು ಮಾಡಿಸಿದ್ದರು. ಅತ್ತೆ ಬೀಬಿಗೆ ಮಾತ್ರ ಅವಳು ಹೇಳಿದ್ದು, ಸೊಂಟನೋವಿನ ಸೂಜಿ ಎಂದು.

ಆಟೋ ಸಿಗುತ್ತದೋ ನೋಡೋಣವೆಂದು ತಿರುಗಿದರೆ ಮೆಟ್ಟಿಲ ಬಳಿ ಬೀಬಿಯೇ ನಿಂತಿದ್ದರು.

"ಸೊಂಟನೋವಿಗೆ ಹನ್ನೊಂದು ದಿನ ಸೂಜಿಯಾ?" ಎಂದು ಕೇಳಿ, ಸೊಸೆಯ ಉತ್ತರಕ್ಕೂ ಕಾಯದೆ ಶಶಿಪ್ರಭಾರತ್ತ ನೋಡಿದರು. "ಸಿಸ್ಟರೇ, ನನ್ನ ನಾಲ್ಕು ಹೆರಿಗೆಗೂ ನೀವೇ ಇದ್ದದ್ದು. ನನಗೆ ಸುಳ್ಳು ಹೇಳಬೇಡಿ. ಇದು ಯಾತರ ಸೂಜಿ?"

ಶಶಿಪ್ರಭಾ ಜಸ್ನಾಳ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. "ಗರ್ಭ ನಿಲ್ಲಲಿಕ್ಕೆ ಕೊಡುವುದು," ಎಂದರು ಶಶಿಪ್ರಭಾ.

ಬೀಬಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ನನ್ನ ಮಗ ನವಾಝ್ ಸೌದಿಯ ಜುಬೈಲಿಗೆ ಹೋಗಿ ಏಳು ತಿಂಗಳಾಯಿತು," ಎಂದರು ಮೆಲ್ಲಗೆ. ಬೈದಿದ್ದರೂ ಜಸ್ನಾಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅವಳು ತಡವರಿಸುತ್ತಾ ಎಲ್ಲವನ್ನೂ ಹೇಳಿದಳು. ನವಾಝ್ ರಜೆಯಲ್ಲಿದ್ದಾಗಲೇ ಇಬ್ಬರೂ ಮಂಗಳೂರಿಗೆ ಹೋದದ್ದು, ಇಬ್ಬರಿಂದಲೂ ಜೀವಕಣ ತೆಗೆದು ಆಸ್ಪತ್ರೆಯಲ್ಲಿ ಭ್ರೂಣ ಮಾಡಿದ್ದು, ಅಷ್ಟರಲ್ಲಿ ಅವಳ ಮೈ ಕೆಟ್ಟು ಆಗ ಒಳಗಿಡುವುದು ಬೇಡವೆಂದು ಡಾಕ್ಟರು ಅದನ್ನು ಶೀತದಲ್ಲಿ ಕಾದಿರಿಸಿದ್ದು, ಅವನ ರಜೆ ಮುಗಿದದ್ದು. ಮದುವೆಯಾಗಿ ಒಂಬತ್ತು ವರ್ಷ. ಇದೂ ನಿಲ್ಲದೆ ಹೋದರೆ ಊರವರ ಕನಿಕರ ಹೊರಲಾರೆ ಎಂದು ಅವಳೇ ಗಂಡನ ಬಾಯಿ ಕಟ್ಟಿಹಾಕಿದ್ದಳು.

"ಮೀನು ಇಟ್ಟ ಹಾಗೆ ಐಸಿನಲ್ಲಿ ಮಗುವನ್ನು ಇಡುವುದುಂಟಾ?" ಎಂದರು ಬೀಬಿ. ಉಂಟು ಎಂದು ಶಶಿಪ್ರಭಾ ತಿಳಿಸಿ ಹೇಳಿದರು. ಬೀಬಿಯ ಮುಖ ಸಡಿಲಲಿಲ್ಲ. ಮಗನಿಗೆ ಫೋನು ಮಾಡಲು ಹೇಳಿದರು. ಜಸ್ನಾ ಮೂರು ಸಲ ಮಾಡಿದಳು. ಮೂರು ಸಲವೂ ರಿಂಗಾಗಿ ರಿಂಗಾಗಿ ನಿಂತಿತು. ಆ ಹೊತ್ತಿಗೆ ಅವನು ಡ್ಯೂಟಿಯಲ್ಲಿ, ಫೋನು ಬೇರೆಲ್ಲೋ. ಆರೂಕಾಲು ದಾಟಿತ್ತು.

ಬೀಬಿಗೆ ಸೊಸೆ ಹಾಸಿಗೆ ಹಿಡಿದ ದಿನಗಳು ನೆನಪಾದವು. ನವಾಝ್ ಹೊರಡುವ ಮೊದಲು ಇವಳ ಹೊಟ್ಟೆ ಉಬ್ಬರಿಸಿ, ಉಸಿರಾಡಲೂ ಕಷ್ಟವಾಗಿ, ನಾಲ್ಕು ದಿನ ಏನೂ ಒಗ್ಗದೆ ಮಲಗಿದ್ದಳು. ಗ್ಯಾಸ್ ಎಂದು ಮಗ ಹೇಳಿದ್ದ. ತಾವೇ ಜೀರಿಗೆ ಕಷಾಯ ಮಾಡಿ ಕುಡಿಸಿದ್ದರು.

"ಆಗ ಹೊಟ್ಟೆ ಉಬ್ಬಿದ್ದು ಇದಕ್ಕಾ?"

"ಹೌದು, ಮಾಮಿ."

ಬೀಬಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಆಟೋದಲ್ಲಿ ಆ ಹೊಂಡದ ರಸ್ತೆಯಲ್ಲಿ ಕುಲುಕಿಕೊಂಡು ಹೋಗುವುದು ಬೇಡ ಎಂದರು. ಸಾಬೂನಿನಲ್ಲಿ ಕೈ ತೊಳೆದು ಶಶಿಪ್ರಭಾರ ಮುಂದೆ ಚಾಚಿದರು. "ಎಲ್ಲಿ ಚುಚ್ಚಬೇಕು, ಹೇಳಿಕೊಡಿ."

ಶಶಿಪ್ರಭಾ ಹೇಳಿದಂತೆ ಜಸ್ನಾಳೇ ಔಷಧಿಯ ಗಾಜಿನ ಕತ್ತು ಮುರಿದು ಸಿರಿಂಜಿಗೆ ಎಳೆದುಕೊಟ್ಟಳು. ಮಂಚದ ಮೇಲೆ ಬೋರಲಾದಳು. ಶಶಿಪ್ರಭಾ ಎಡಗೈಯ ಬೆರಳಿನಿಂದ ಸೊಂಟದ ಕೆಳಗೆ, ಹೊರಮಗ್ಗುಲಲ್ಲಿ ಜಾಗ ತೋರಿಸಿದರು. ಚುಚ್ಚಿದ ಮೇಲೆ ಕೊಂಚ ಹಿಂದಕ್ಕೆ ಎಳೆದು ನೋಡಿ, ರಕ್ತ ಬಾರದಿದ್ದರೆ ಮಾತ್ರ ನಿಧಾನವಾಗಿ ಒತ್ತಿ ಎಂದರು. ಮೂವತ್ತು ವರ್ಷ ಬೀಡಿ ಕಟ್ಟಿದ ಬೆರಳುಗಳು ಬೀಬಿಯವು. ದೇವರ ಹೆಸರೆತ್ತಿ ಬಿಸ್ಮಿ ಹೇಳಿದರು. ಉದ್ದ ಸೂಜಿ ಒಳಗಿಳಿಯಿತು. ಮಂದ ಔಷಧಿ ಮೈಯೊಳಗೆ ಹರಡುತ್ತಾ ಹೋದಂತೆ ಜಸ್ನಾ ದಿಂಬಿನ ಅಂಚು ಕಚ್ಚಿದಳು. ನೋವಿಗೋ ನಿರಾಳಕ್ಕೋ ಕಣ್ಣು ತುಂಬಿ ಬಂತು. ಬೀಬಿ ಹತ್ತಿಯಿಟ್ಟು ಆ ಜಾಗವನ್ನು ತಿಕ್ಕುತ್ತಲೇ ಇದ್ದರು.

ಹಿಂದಿರುಗುವಾಗ ಜಸ್ನಾ ಎಂದಿನಂತೆ ಹಿತ್ತಿಲ ದಾರಿಗೆ ಇಳಿದಳು. ಬೀಬಿ ಅವಳ ತೋಳು ಹಿಡಿದು ರಸ್ತೆಗೆ ಕರೆದುಕೊಂಡು ಬಂದರು. ನೆರೆಮನೆಯ ಐಸಮ್ಮ ಗೇಟಿನ ಹತ್ತಿರವೇ ಇದ್ದಳು. ಕತ್ತಲಾಗುವ ಹೊತ್ತಿಗೆ ಅತ್ತೆ ಸೊಸೆ ಎಲ್ಲಿಂದ ಎಂದು ಕೇಳಿದಳು. ಜಸ್ನಾ ಸೊಂಟನೋವು ಎನ್ನಲು ಬಾಯಿ ತೆರೆಯುವುದರೊಳಗೆ ಬೀಬಿ ಹೇಳಿದರು: "ನವಾಝ್‌ನ ಮಗುವಿಗಾಗಿ ಇವಳಿಗೆ ಸೂಜಿ. ಅವನು ಇಲ್ಲಿರುವಾಗಲೇ ಆಸ್ಪತ್ರೆಯಲ್ಲಿ ತೆಗೆದಿಟ್ಟದ್ದು, ಈಗ ಒಳಗೆ ಇಟ್ಟಿದ್ದಾರೆ. ನಿಂತಿದೆಯೋ ಇಲ್ಲವೋ ಮುಂದಿನ ವಾರ ಗೊತ್ತಾಗುತ್ತದೆ. ನೀನೂ ಅಲ್ಲಾಹನಲ್ಲಿ ದುಆ ಮಾಡು."

ಐಸಮ್ಮ ಲಗುಬಗೆಯಿಂದ ಗೇಟು ಹಾಕಿ ಒಳಗೆ ಹೋದಳು.

ನಾಲ್ಕು ಹೆಜ್ಜೆ ದಾಟಿದ ಮೇಲೆ ಜಸ್ನಾಳಿಗೆ ತಡೆಯಲಾಗಲಿಲ್ಲ. "ನಾಳೆ ಇಡೀ ಊರಿಗೆ ಗೊತ್ತಾಗುತ್ತದೆ, ಮಾಮಿ. ನಿಲ್ಲದೆ ಹೋದರೆ?"

ಬೀಬಿ ನಡಿಗೆ ನಿಧಾನಿಸಲಿಲ್ಲ. "ನಿಂತರೆ ಇವರ ಬಾಯಿ ಮುಚ್ಚಿಸಲು ನಾನೊಬ್ಬಳು ಸಾಕು," ಎಂದರು. "ನಿಲ್ಲದಿದ್ದರೆ ಅಳಲಿಕ್ಕೆ ನಾವಿಬ್ಬರೇ ಸಾಲುವುದಿಲ್ಲ."