ಭೋಜನ್ ಕಣ್ಣಿನ ಪರೀಕ್ಷೆ

ಭೋಜನ್‌ಗೆ ಕಣ್ಣು ಕಾಣುವುದಿಲ್ಲ ಎಂಬ ಅನುಮಾನ ಸತೀಶ್‌ಕುಮಾರ್‌ಗೆ ಬಂದದ್ದು ಒಂದು ಟೀ ಲೋಟದಿಂದ. ಅವನು ಚಾಚಿದ ಲೋಟಕ್ಕೆ ಆ ಹಿರಿಯರು ಕೈ ನೀಡಿದರು. ಬೆರಳುಗಳು ಗೇಣು ದೂರದಲ್ಲಿ ಬರೀ ಗಾಳಿಯನ್ನು ಹಿಡಿದವು. ಪಕ್ಕದಲ್ಲಿದ್ದ ಹೆಂಡತಿ ವಸಂತಾಮಣಿ ಸದ್ದಿಲ್ಲದೆ ಲೋಟವನ್ನು ಗಂಡನ ಕೈಗಿಟ್ಟರು.

ಲೋಟವೇ ಕಾಣದವರಿಗೆ ಆಕಾಶದಲ್ಲಿರುವ ವಿಮಾನ ಹೇಗೆ ಕಂಡೀತು?

ಬೆಟ್ಟದೂರು ಕೆತ್ತಿಯ ಮಾದರಿ ವಿಮಾನ ಕ್ಲಬ್ಬಿಗೆ ಸತೀಶ್‌ಕುಮಾರ್ ಕಾರ್ಯದರ್ಶಿ. ಪ್ರತಿ ಭಾನುವಾರ ಮಂಜು ಕರಗಿದ ಮೇಲೆ ಹತ್ತು ಹನ್ನೆರಡು ಜನ ಬ್ಯಾಟರಿ ವಿಮಾನಗಳನ್ನು ಹೊತ್ತು ಮೈದಾನಕ್ಕೆ ಬರುತ್ತಿದ್ದರು. ಟೀ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾಗಿದ್ದ ಭೋಜನ್ ಅವರಲ್ಲೆಲ್ಲ ಹಿರಿಯರು. ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರು. ಉಬ್ಬಿದ ಬ್ಯಾಟರಿಯನ್ನು ಬೆರಳಲ್ಲೇ ಗುರುತಿಸಿ ಪಕ್ಕಕ್ಕಿಡುತ್ತಿದ್ದರು. ಕಳೆದ ಎರಡು ವರ್ಷಗಳಲ್ಲಿ ಅವರ ಹಳದಿ ವಿಮಾನ ಒಮ್ಮೆಯೂ ನೆಲಕ್ಕೆ ಬಡಿದಿರಲಿಲ್ಲ. ಕ್ಲಬ್ಬಿನಲ್ಲಿ ಬೇರೆ ಯಾರೂ ಹಾಗೆ ಹೇಳಿಕೊಳ್ಳುವಂತಿರಲಿಲ್ಲ.

ಸತೀಶ್‌ಕುಮಾರ್ ಎಲ್ಲರೆದುರೇ ಹೇಳಿಬಿಟ್ಟ.

"ಭೋಜಣ್ಣ, ಅಕ್ಕ ನಿಮ್ಮ ಪಕ್ಕ ನಿಂತು ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಎಡಕ್ಕೆ ತಿರುಗಿತು, ಮೇಲೆ ಹೋಯಿತು ಅಂತ. ನಾನೇ ಕೇಳಿಸಿಕೊಂಡಿದ್ದೇನೆ."

"ಗಂಡ ಹೆಂಡತಿ ಪಿಸುಗುಟ್ಟಬಾರದು ಅಂತ ನಿಯಮ ಇದೆಯಾ?"

"ತಮಾಷೆ ಬೇಡ ಅಣ್ಣಾ. ಕೆಳಗೆ ಕ್ಯಾರೆಟ್ ಹೊಲದಲ್ಲಿ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದಾರೆ. ಎರಡು ಕಿಲೋ ವಿಮಾನ, ಮುಂದೆ ತಿರುಗುವ ರೆಕ್ಕೆ. ಯಾರ ತಲೆಗಾದರೂ ಬಡಿದರೆ?"

ಮಾತು ನ್ಯಾಯವಾದದ್ದೇ. ಭೋಜನ್ ತಲೆಯಾಡಿಸಿದರು.

"ಬಡಿಯಬಾರದು. ಅದಕ್ಕೇ ಪರೀಕ್ಷೆ ಮಾಡು. ವಿಮಾನ ತಪ್ಪಿದರೆ ನಾವಿಬ್ಬರೂ ಇನ್ನು ಈ ಮೈದಾನಕ್ಕೆ ಕಾಲಿಡುವುದಿಲ್ಲ. ತಪ್ಪದಿದ್ದರೆ ನೀನು ಪಾಸು ಅಂತ ಬರೆದು ಸಹಿ ಹಾಕಬೇಕು."

"ಹಾಕುತ್ತೇನೆ."

"ಇವರೆಲ್ಲ ಸಾಕ್ಷಿ."

ಟೀ ಸುರಿಯುತ್ತಿದ್ದ ವಸಂತಾಮಣಿ ತಲೆಯೆತ್ತಿದರು. "ಪರೀಕ್ಷೆ ಮಾಡುವುದೇ ಆದರೆ ನನ್ನನ್ನೂ ಮಾಡಪ್ಪ. ನಾನೂ ಹಾರಿಸುತ್ತೇನೆ ಅಂತ ಹೋದ ವರ್ಷದಿಂದ ಕೇಳುತ್ತಿದ್ದೇನೆ."

ಸತೀಶ್‌ಕುಮಾರ್ ನಕ್ಕ. "ಅಕ್ಕಾ, ಟೀ ಎಲೆ ಕಿತ್ತ ಕೈಗೆ ಈ ವಯಸ್ಸಿನಲ್ಲಿ ಇದು ಬರುವುದಲ್ಲ. ಅಣ್ಣನ ಪಾಡೇ ಹೀಗಾಗಿದೆ."

ಎಲ್ಲರೂ ನಕ್ಕರು. ಭೋಜನ್ ನಗಲಿಲ್ಲ. ವಸಂತಾಮಣಿ ಫ್ಲಾಸ್ಕಿನ ಮುಚ್ಚಳವನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ತಿರುಗಿಸಿದರು.

ಪರೀಕ್ಷೆ ಕಠಿಣವಾಗಿತ್ತು. ವಿಮಾನ ಮೇಲೇರಬೇಕು, ಆಕಾಶದಲ್ಲಿ ಎರಡು ಸಲ ಎಂಟು ಬರೆಯಬೇಕು, ಮೋಟಾರು ನಿಲ್ಲಿಸಿ ತೇಲುತ್ತ ಬಂದು ಸುಣ್ಣದ ಗೆರೆಗಳ ನಡುವೆ ಇಳಿಯಬೇಕು.

"ಅಕ್ಕ ಇಲ್ಲಿರುವ ಹಾಗಿಲ್ಲ" ಎಂದ ಸತೀಶ್‌ಕುಮಾರ್. "ಮೈದಾನದ ಆ ತುದಿಗೆ ಹೋಗಿ ನಿಲ್ಲಲಿ. ಕೂಗಬಾರದು. ಕೈಸನ್ನೆಯೂ ಕೂಡದು."

"ಕೈ ಎಲ್ಲಿಟ್ಟುಕೊಳ್ಳಲಿ?" ಎಂದರು ವಸಂತಾಮಣಿ.

"ಶಾಲಿನೊಳಗೇ ಇರಲಿ."

"ನೀನೇ ಹೇಳಿದ್ದು, ನೆನಪಿಟ್ಟುಕೋ."

ಅವರು ಫ್ಲಾಸ್ಕು ತಂದಿದ್ದ ಬುಟ್ಟಿ ಎತ್ತಿಕೊಂಡು ನಡೆದರು. ನೂರು ಹೆಜ್ಜೆಯಾಚೆ, ಸಿಲ್ವರ್ ಓಕ್ ಮರದ ಕೆಳಗೆ, ಬಿಳಿ ಶಾಲು ಕತ್ತಿನವರೆಗೆ ಹೊದ್ದು ನಿಂತರು. ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸತೊಡಗಿತ್ತು. ಹಾರಿಸುವವರಿಗೆ ಒಳ್ಳೆಯ ಹೊತ್ತಲ್ಲ.

"ಏನು ಮಾಡಬೇಕೋ ಜೋರಾಗಿ ಕೂಗಿ ಹೇಳು" ಎಂದರು ಭೋಜನ್. "ನನಗೆ ಕಿವಿಯೂ ಸ್ವಲ್ಪ ಮಂದ."

ಅವರು ರಿಮೋಟನ್ನು ಎದೆಯ ಮುಂದೆ ಹಿಡಿದು ಹೆಬ್ಬೆರಳುಗಳನ್ನು ಕಡ್ಡಿಗಳ ಮೇಲಿಟ್ಟರು.

"ಏರಲಿ!" ಸತೀಶ್‌ಕುಮಾರ್‌ನ ಕೂಗು ಎದುರಿನ ಗುಡ್ಡಕ್ಕೆ ಮುಟ್ಟಿತು.

ಮೋಟಾರು ಗುಂಯ್‌ಗುಟ್ಟಿತು. ಹಳದಿ ವಿಮಾನ ಹುಲ್ಲಿನ ಮೇಲೆ ಓಡಿ ನೆಲ ಬಿಟ್ಟಿತು. ಗಾಳಿ ಒಮ್ಮೆ ರೆಕ್ಕೆಯನ್ನು ಎತ್ತಿಹಾಕಿತು. ಯಾರೋ "ಹೋಯ್ತು" ಎಂದರು. ಹೋಗಲಿಲ್ಲ. ರೆಕ್ಕೆ ನೇರವಾಯಿತು.

"ಎಂಟು!"

ವಿಮಾನ ಎಂಟು ಬರೆಯಿತು. ಎರಡನೆಯದು ಮೊದಲನೆಯದಕ್ಕಿಂತ ದುಂಡಗಿತ್ತು. ಸತೀಶ್‌ಕುಮಾರ್ ಒಂದು ಕಣ್ಣು ಆಕಾಶದ ಮೇಲೆ, ಇನ್ನೊಂದು ವಸಂತಾಮಣಿಯ ಮೇಲೆ ಇಟ್ಟಿದ್ದ. ಆಕೆ ತುಟಿ ಬಿಚ್ಚಲಿಲ್ಲ, ಶಾಲಿನಿಂದ ಕೈ ಹೊರಗೆ ತೆಗೆಯಲಿಲ್ಲ. ತಲೆಯೆತ್ತಿ ನೋಡುತ್ತಿದ್ದರು, ಅಷ್ಟೆ.

"ಮೋಟಾರು ನಿಲ್ಲಿಸಿ! ಇಳಿಸಿ!"

ಸದ್ದು ನಿಂತಿತು. ವಿಮಾನ ಕ್ಯಾರೆಟ್ ಹೊಲವನ್ನು ದೂರದಿಂದಲೇ ಬಳಸಿ ಬಂತು. ಗಾಳಿಗೆ ಮುಖವೊಡ್ಡಿ, ತಡೆದು ತಡೆದು ಕೆಳಗಿಳಿದು, ಎರಡು ಬಿಳಿ ಗೆರೆಗಳ ನಟ್ಟನಡುವೆ ಚಕ್ರ ಊರಿ ನಿಂತಿತು.

ಮೈದಾನವಿಡೀ ಚಪ್ಪಾಳೆ. ಸತೀಶ್‌ಕುಮಾರ್‌ನ ಮುಖ ಕೆಂಪಾಗಿತ್ತು, ಆದರೆ ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಫಲಿತಾಂಶದ ಹಾಳೆ ತೆಗೆದ. ಪಾಸು ಎಂದು ಬರೆದ. ಸಹಿ ಹಾಕಿದ.

"ತಪ್ಪಾಯಿತು ಭೋಜಣ್ಣ. ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ."

"ಇಲ್ಲಪ್ಪ. ನೀನು ಹೇಳಿದ್ದೇ ಸರಿ. ಎರಡು ವರ್ಷವಾಯಿತು, ನಿನ್ನ ಮುಖವೂ ನನಗೆ ಕಾಣುವುದಿಲ್ಲ."

ಚಪ್ಪಾಳೆ ನಿಂತಿತು.

"ಹಾಗಾದರೆ ಅಕ್ಕ ಪಿಸುಗುಟ್ಟುತ್ತಿದ್ದದ್ದು..."

"ವಿಮಾನ ಎಲ್ಲೆಲ್ಲಿ ಹೋಗುತ್ತಿದೆ ಅಂತ ಹೇಳುತ್ತಿದ್ದಳು. ನನಗೂ ನೋಡಿದ ಹಾಗಾಗಲಿ ಅಂತ." ಭೋಜನ್ ಬೆನ್ನು ನೆಟ್ಟಗೆ ಮಾಡಿ ನಿಂತರು. "ಸಹಿ ಆಯಿತಲ್ಲ? ಹೆಸರಿನ ಜಾಗದಲ್ಲಿ ವಸಂತಾಮಣಿ ಅಂತ ಬರೆ."

ಮೈದಾನದ ಆ ತುದಿಯಿಂದ ಶಾಲನ್ನು ಹೆಗಲ ಹಿಂದಕ್ಕೆ ಎಸೆದು ಆಕೆ ನಡೆದು ಬರುತ್ತಿದ್ದರು, ಎರಡೂ ಕೈಯಲ್ಲಿ ಇನ್ನೊಂದು ರಿಮೋಟ್ ಹಿಡಿದು.